ಧಣಿ ಇಡ್ಲಿ ಮುಟ್ಟದ ದಿನ

ಆ ಸೋಮವಾರ ಬೆಳಗ್ಗೆ ಎಂಟು ಗಂಟೆಗೆ, ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ನನ್ನ ಉಡುಪಿ ಹೋಟೆಲಿನ ಗಲ್ಲಾದ ಮುಂದೆ ನಿಂತು ನಾನು ಘೋಷಿಸಿದೆ: "ನಾಗವೇಣೀ, ಇವತ್ತಿನಿಂದ ನಿನ್ನ ಗಂಡ ಕೇಶವ ಹೊಸ ಮನುಷ್ಯ! ಶುಕ್ರವಾರ ನೀನು ನಿಶ್ಚಿಂತೆಯಿಂದ ಊರಿಗೆ ಹೊರಡು!"

"ಮೊದಲು ಚಪ್ಪಲಿ ಸರಿ ಹಾಕ್ಕೊಳ್ಳಿ ಮಾರಾಯ್ರೆ. ಒಂದು ನಿಮ್ದು, ಒಂದು ಅಡುಗೆ ಭಟ್ರದ್ದು" ಎಂದಳು ಹೆಂಡತಿ.

ವಿಷಯ ಇಷ್ಟೇ. ನನಗೆ ಎಡಿಎಚ್‌ಡಿ ಇದೆಯೆಂದು ಗೊತ್ತಾದದ್ದು ನಲವತ್ತಾರನೇ ವಯಸ್ಸಿನಲ್ಲಿ. ಹಿಡಿದ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಹಿಂದೊಮ್ಮೆ ನಾಗವೇಣಿ ಊರಿಗೆ ಹೋಗಿದ್ದಾಗ, ಕೊತ್ತಂಬರಿ ಸೊಪ್ಪು ತರಲು ಹೊರಟ ನಾನು ಮೂರು ಗಂಟೆ ಬಿಟ್ಟು ಒಂದು ಏಣಿ ಹೊತ್ತುಕೊಂಡು ಬಂದಿದ್ದೆ. ಆಮೇಲೆ ಆರು ವರ್ಷ ಅವಳು ತವರಿನ ಕಡೆ ತಲೆ ಹಾಕಿಲ್ಲ. ಈಗ ಅವಳ ತಮ್ಮನ ಮಗನ ಉಪನಯನ. ಟಿಕೆಟ್ ಆಗಿದೆ, ಸೀರೆಗೆ ಇಸ್ತ್ರಿ ಆಗಿದೆ. ಹೋಟೆಲನ್ನು ನನ್ನ ಕೈಗೆ ಬಿಟ್ಟುಹೋಗುವ ಧೈರ್ಯ ಮಾತ್ರ ಆಗಿಲ್ಲ.

ಮೊದಲಿನ ಮಾತ್ರೆ ದಿನಕ್ಕೆರಡು. ಮಧ್ಯಾಹ್ನದ್ದನ್ನು ನಾನು ಮರೆಯುತ್ತಿದ್ದೆ. ಮರೆವಿಗೆ ಕೊಟ್ಟ ಮಾತ್ರೆಯನ್ನೇ ಮರೆತರೆ ಯಾವ ಡಾಕ್ಟರು ತಾನೇ ಏನು ಮಾಡಿಯಾರು! ಅದಕ್ಕೇ ಅವರು ಔಷಧಿ ಬದಲಾಯಿಸಿ, ಬೆಳಗ್ಗೆ ಒಂದು ನುಂಗಿದರೆ ಸಂಜೆಯವರೆಗೆ ದುಡಿಯುವ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ಜೊತೆಗೆ ಮುಖ್ಯವಾದ ಒಂದು ಸೂಚನೆಯನ್ನೂ ಹೇಳಿದ್ದರು. ಆದರೆ ಹೇಳಿದ್ದು ಕ್ಯಾಪ್ಸೂಲ್ ನುಂಗುವ ಮೊದಲಲ್ಲವೇ, ತಲೆಯಲ್ಲಿ ಉಳಿಯಲಿಲ್ಲ!

"ಇವತ್ತು ನಾನು ಮನೆಯಲ್ಲೇ ಇರ್ತೇನೆ. ಒಂದು ದಿನ ಒಬ್ಬರೇ ಸುಧಾರಿಸಿ ತೋರಿಸಿ. ಇಲ್ಲಾಂದ್ರೆ ಟಿಕೆಟ್ ಕ್ಯಾನ್ಸಲ್" ಎಂದು ಹೇಳಿ ನಾಗವೇಣಿ ಹೊರಟುಹೋದಳು.

ಕ್ಯಾಪ್ಸೂಲ್ ನುಂಗಿದೆ. ಒಂಬತ್ತರ ಹೊತ್ತಿಗೆ ತಲೆಯೊಳಗಿನ ಸಂತೆ ಪೂರ್ತಿ ಖಾಲಿ! ಹಾಲಿನ ಲೆಕ್ಕ ಮುಗಿಯಿತು, ತಿಂಗಳಿಂದ ಕಿರುಗುಟ್ಟುತ್ತಿದ್ದ ಬಾಗಿಲಿಗೆ ಎಣ್ಣೆ ಬಿತ್ತು. ಅಬ್ಬಾ, ಉಳಿದ ಜನ ದಿನಾ ಹೀಗೇ ಬದುಕುತ್ತಾರೆಯೇ ಎಂದು ಹೊಟ್ಟೆಕಿಚ್ಚೂ ಆಯಿತು.

ಒಂಬತ್ತೂವರೆಗೆ ನನ್ನ ತಿಂಡಿ. ನಮ್ಮ ಹೋಟೆಲಿನಲ್ಲಿ ಇದು ಅಪ್ಪನ ಕಾಲದ ಪದ್ಧತಿ: ಧಣಿ ಎಲ್ಲರೂ ನೋಡುವಂತೆ ಮೊದಲನೇ ಟೇಬಲ್ಲಿನಲ್ಲಿ ಕೂತು, ಗಿರಾಕಿಗೆ ಬಡಿಸಿದ್ದನ್ನೇ ತಿನ್ನಬೇಕು. ಇದಕ್ಕಿಂತ ದೊಡ್ಡ ಜಾಹೀರಾತು ಇಲ್ಲ ಎನ್ನುತ್ತಿದ್ದರು ಅಪ್ಪ.

ಮೂರು ಇಡ್ಲಿ, ಒಂದು ಬಟ್ಟಲು ಸಾಂಬಾರು ಬಂತು. ನೋಡಿದೆ. ಹಸಿವೆಂಬುದು ಊರನ್ನೇ ಬಿಟ್ಟುಹೋಗಿತ್ತು! ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದೆ.

ಇಪ್ಪತ್ತು ವರ್ಷಗಳಿಂದ ಬರುತ್ತಿದ್ದ ಗಿರಾಕಿ ರಮಣಿಕ್‌ಭಾಯ್ ಬಾಯಿಗೆ ಹೋಗುತ್ತಿದ್ದ ಚಮಚವನ್ನು ದಾರಿಯಲ್ಲೇ ನಿಲ್ಲಿಸಿದರು.

"ಕೇಮ್ ಶೇಠ್, ಶೂಂ ಥಯುಂ?" ಏನಾಯಿತು ಧಣಿ ಎಂದು ಕೇಳಿದರು.

"ಕುಛ್ ನಹೀ, ಖಾನೇ ಕಾ ಮನ್ ನಹೀ ಹೈ" ಎಂದು ತಿನ್ನಲು ಮನಸ್ಸಿಲ್ಲದ ನಿಜವನ್ನೇ ಹೇಳಿದೆ, ಸತ್ಯಹರಿಶ್ಚಂದ್ರನ ವಂಶದವನಂತೆ.

ರಮಣಿಕ್‌ಭಾಯ್ ಸಾಂಬಾರಿನ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದರು. ಹಿಂದಿನ ಟೇಬಲ್ಲಿನಿಂದ ಪಿಸುಮಾತು ಹೊರಟಿತು: "ಶೇಠ್ ಪೋತೇ ಜ ನಥೀ ಖಾತಾ!" ಶೇಠ್ ತಾನೇ ತಿನ್ನುತ್ತಿಲ್ಲವಂತೆ! ಸುದ್ದಿ ಕೈತೊಳೆಯುವ ಜಾಗದವರೆಗೆ ಹೋಗಿ, ಹುಳ ಬಿದ್ದ ಸುದ್ದಿಯಾಗಿ ವಾಪಸು ಬಂತು.

ಮಾನ ಉಳಿಸಲೇಬೇಕು! ಇಡ್ಲಿ ಮುರಿದು ಬಾಯಿಗೆ ಹಾಕಿದೆ. ಅಗಿದೆ. ಇನ್ನೂ ಅಗಿದೆ. ಗಂಟಲಿಗೆ ಇಳಿಯದು. ನೀರು ಕುಡಿದು, ಕಣ್ಣುಮುಚ್ಚಿ, ಎದೆ ಸವರಿಕೊಂಡು ನುಂಗಿದೆ. ಕಣ್ಣು ಬಿಟ್ಟಾಗ ನಾಲ್ಕು ಟೇಬಲ್ ಖಾಲಿ!

ಅಷ್ಟರಲ್ಲಿ ಅಡುಗೆಯ ಗಣಪತಿ ಭಟ್ಟರು ಹೊರಗೆ ಬಂದರು. ಭುಜದ ಮೇಲೆ ಅಂಗಿ, ಕೈಯಲ್ಲಿ ಚೀಲ.

"ಹದಿನೆಂಟು ವರ್ಷ ಆಯ್ತು ಧಣಿ. ನನ್ನ ಸಾಂಬಾರಿಗೆ ಯಾರೂ ಹೀಗೆ ಮುಖ ಮಾಡ್ಲಿಲ್ಲ. ನಾನು ಹೊರಟೆ."

"ಭಟ್ರೇ, ಸಾಂಬಾರು ಚಲೋ ಉಂಟು!"

"ಹಾಗಾದ್ರೆ ತಿನ್ನಿ!"

ತಿನ್ನಲಾಗಲಿಲ್ಲ. ಭಟ್ಟರು ಹೋದರೆ ಹೋಟೆಲ್ ಮುಚ್ಚಬೇಕು, ನಾಗವೇಣಿಯ ಪ್ರಯಾಣ ಮುಗಿದಂತೆಯೇ. ಇಸ್ತ್ರಿ ಮಾಡಿಟ್ಟ ಆ ಸೀರೆ ಕಣ್ಣ ಮುಂದೆ ಬಂತು. ಗಿರಾಕಿಗಳಿಂದ ಎರಡು ವರ್ಷ ಮುಚ್ಚಿಟ್ಟಿದ್ದನ್ನು ಎದ್ದು ನಿಂತು ನನ್ನ ಹರಕುಮುರುಕು ಹಿಂದಿಯಲ್ಲಿ ಹೇಳಿಬಿಟ್ಟೆ: ಸಾಂಬಾರಿನಲ್ಲಿ ದೋಷವಿಲ್ಲ, ಇರುವುದು ನನ್ನ ತಲೆಯಲ್ಲಿ. ಅದಕ್ಕೆ ಔಷಧಿ ಬದಲಾಗಿದೆ, ಇದೇ ಆ ಡಬ್ಬಿ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ರಮಣಿಕ್‌ಭಾಯ್ ಎದ್ದು ಬಂದು ಡಬ್ಬಿ ತೆಗೆದುಕೊಂಡರು. ಕನ್ನಡಕ ಏರಿಸಿ, ಔಷಧಿ ಅಂಗಡಿಯವನು ಅಂಟಿಸಿದ್ದ ಚೀಟಿಯನ್ನು ಗಟ್ಟಿಯಾಗಿ ಓದಿದರು: "ನಾಸ್ತಾ ಪಛೀ!"

ತಿಂಡಿಯ ನಂತರ! ಡಾಕ್ಟರು ಹೇಳಿದ್ದ ಸೂಚನೆ ಅದೇ. ಮೊದಲು ಹೊಟ್ಟೆ ತುಂಬ ತಿನ್ನಿ, ಆಮೇಲೆ ಹಸಿವಾಗುವುದಿಲ್ಲ ಎಂದಿದ್ದರು. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಭಟ್ಟರು ಮಾತ್ರ ನಗಲಿಲ್ಲ. ಅಂಗಿಯನ್ನು ಮೊಳೆಗೆ ಸಿಕ್ಕಿಸಿ ಒಳಗೆ ಹೋದರು.

ಸಂಜೆ ಸುದ್ದಿ ಕೇಳಿದ ನಾಗವೇಣಿ ಇಸ್ತ್ರಿ ಮಾಡಿದ ಸೀರೆಯನ್ನು ಪೆಟ್ಟಿಗೆಗೆ ಹಾಕಿದಳು. ಆಮೇಲೆ, "ಶುಕ್ರವಾರ ಹೋಗ್ತೇನೆ" ಎಂದಳು.

"ನನ್ನ ಮೇಲೆ ನಂಬಿಕೆ ಬಂತಲ್ಲ!"

"ನಿಮ್ಮ ಮೇಲೆ ಎಂತದ್ದು? ಇಷ್ಟು ವರ್ಷ ನಿಮ್ಮನ್ನು ಕಾಯ್ಲಿಕ್ಕೆ ನಾನೊಬ್ಳೇ ಇದ್ದೆ. ಈಗ ಹಾಲ್ ತುಂಬ ಜನ ಇದ್ದಾರೆ."

ಅವಳು ಹೋದ ಮರುದಿನದಿಂದ ಬೆಳಗ್ಗೆ ಏಳೂವರೆಗೇ ರಮಣಿಕ್‌ಭಾಯ್ ಹಾಜರು. ಅವರೆದುರು ನಾನು ಮೂರು ಇಡ್ಲಿ ಮುಗಿಸುವವರೆಗೆ ಡಬ್ಬಿ ಅವರ ಜೇಬಿನಲ್ಲಿ. ಅಲ್ಲಿಯವರೆಗೆ ಹಾಲ್‌ನಲ್ಲಿ ಯಾರೂ ಚಮಚ ಎತ್ತುವುದಿಲ್ಲ. ಕೆಲಸವೆಲ್ಲ ಸರಾಗ! ನಾಲ್ಕನೇ ದಿನ ಹೆಂಡತಿಗೆ ನಾನೇ ಫೋನ್ ಮಾಡಿ ಹೆಮ್ಮೆಯಿಂದ ಕೇಳಿದೆ: "ನಾಡಿದ್ದು ನೀನು ವಾಪಸು ಬರುವಾಗ ಸ್ಟೇಷನ್ನಿಗೆ ಎಷ್ಟು ಹೊತ್ತಿಗೆ ಬರ್ಲಿ?"

"ರಮಣಿಕ್‌ಭಾಯ್ ಹತ್ರ ವಿಚಾರಿಸಿದೆ. ಎಲ್ಲ ಚೆಂದ ನಡೀತಾ ಉಂಟಂತೆ" ಎಂದಳು ನಾಗವೇಣಿ. "ನಾನು ಇನ್ನೊಂದು ತಿಂಗಳು ಇದ್ದು ಬರ್ತೇನೆ."