ಧನಪಾಲ ಮಾಮಾನ ಹಸಿರು ಕುದುರೆಗಳು

ನಮ್ಮ ಕಾಕಾನನ್ನು ಸಂತೆಗೆ ಕಳಿಸಿದರೆ ಬದನೆಕಾಯಿ ತರುತ್ತಿರಲಿಲ್ಲ, ಬದನೆಕಾಯಿಯ ಬಣ್ಣ ತರುತ್ತಿದ್ದ! ಗೋಕಾಕದ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ತಾನು ಮಾಡಿದ ಕಟ್ಟಿಗೆಯ ಬದನೆಕಾಯಿಯನ್ನು ಚೀಲದಿಂದ ತೆಗೆದು, ಅವಳ ಬದನೆಕಾಯಿಯ ಬಾಜೂಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಎರಡೂ ಹೊಂದದಿದ್ದರೆ ತಪ್ಪು ಯಾರದು? ಅವಳ ಬದನೆಕಾಯಿಯದು! ಈ ವಾರ ನಿನ್ನ ಕಾಯಿಗೆ ಬಣ್ಣ ಸರಿ ಕೂತಿಲ್ಲ ಎಂದು ಅವಳಿಗೇ ಹೇಳಿ ಬರಿಗೈಯಲ್ಲಿ ಮನೆಗೆ ಬರುತ್ತಿದ್ದ. ಒಲೆಯ ಮೇಲೆ ಎಣ್ಣೆ ಕಾಯಿಸಿಕೊಂಡು ಕುಳಿತ ಅವನ ಹೆಂಡತಿ, ನಮ್ಮ ಕಾಕು, ಆ ಕಟ್ಟಿಗೆಯದನ್ನೇ ಎಣ್ಣೆಗೆ ಬಿಡುತ್ತೇನೆಂದು ಹೆದರಿಸುತ್ತಿದ್ದಳು.

ಗೋಕಾಕದ ಕಟ್ಟಿಗೆಯ ಹಣ್ಣುಗಳನ್ನು ನೀವೂ ಯಾರದಾದರೂ ಶೋಕೇಸಿನಲ್ಲಿ ನೋಡಿರುತ್ತೀರಿ. ಅದರಲ್ಲಿ ಒಂದಾದರೂ ನಮ್ಮ ಕಾಕಾನದೇ ಇರಬೇಕು. ನಮ್ಮ ಅಕ್ಕನನ್ನು ನೋಡಲು ಕಲ್ಲೋಳಿಯಿಂದ ಗಂಡಿನ ಕಡೆಯವರು ಬಂದಾಗ ಅವರಲ್ಲಿ ಹಿರಿಯರೊಬ್ಬರು ತಟ್ಟೆಯಲ್ಲಿದ್ದ ಪೇರಲಹಣ್ಣು ಕಚ್ಚಿ ಹಲ್ಲು ಅಲುಗಾಡಿಸಿಕೊಂಡರು. ಆ ಸಂಬಂಧ ಕೂಡಲಿಲ್ಲ. ಮನೆಮಂದಿಯೆಲ್ಲ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದರೆ, ಕಾಕಾ ಮಾತ್ರ ಹಲ್ಲಿನ ಗುರುತು ಬಿದ್ದ ಆ ಪೇರಲಹಣ್ಣನ್ನು ಓಣಿಗೆಲ್ಲ ತೋರಿಸಿಕೊಂಡು ಬಂದ.

ಇಂಥವನ ಜೀವದ ಗೆಳೆಯನಿಗೆ ಕೆಂಪಿಗೂ ಹಸಿರಿಗೂ ಫರಕು ತಿಳಿಯುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಅವನೇ ಧನಪಾಲ ಮಾಮಾ. ಮೂಡಲಗಿಯ ಜೈನರ ಮನೆಯವನು, ಕಾಕಾನ ಜೊತೆ ಸಾಲಿ ಕಲಿತವನು. ರೈಲ್ವೆ ಗಾರ್ಡ್ ಆಗಿ ಹಸಿರು ನಿಶಾನೆ ತೋರಿಸಬೇಕೆಂಬುದು ಅವನ ಚಿಕ್ಕಂದಿನ ಆಸೆ. ಕಣ್ಣಿನ ಪರೀಕ್ಷೆಯಲ್ಲಿ ಡಾಕ್ಟರು ಚುಕ್ಕಿಚುಕ್ಕಿಯ ಪುಸ್ತಕ ತೆರೆದು, ಇದರಲ್ಲಿ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದರಂತೆ. ಅಂಕಿ ಎಲ್ಲಿದೆ, ಬರೀ ಚುಕ್ಕಿ ಇವೆಯಲ್ಲ ಎಂದು ಇವನು ಅವರನ್ನೇ ತಿರುಗಿ ಕೇಳಿದನಂತೆ. ಹೀಗಾಗಿ ನಿಶಾನೆ ಸಿಗಲಿಲ್ಲ, ಘಟಪ್ರಭಾ ಸ್ಟೇಶನ್ನಿನ ಪಾರ್ಸಲ್ ಆಫೀಸಿನ ಕುರ್ಚಿ ಸಿಕ್ಕಿತು.

ತೊಂಬತ್ತರ ದಶಕದ ಶುರುವಿನಲ್ಲಿ ಆ ಆಫೀಸಿನಲ್ಲಿ ಯಾರೂ ಬಿಡಿಸಿಕೊಳ್ಳದ ಪಾರ್ಸಲ್ಲುಗಳ ಲಿಲಾವು, ಅಂದರೆ ಹರಾಜು, ಆಯಿತು. ಅದರಲ್ಲೊಂದು ಸಣ್ಣ ಕಟ್ಟಿಗೆಯ ಪೆಟ್ಟಿಗೆ, ಎತ್ತಲು ಮಾತ್ರ ಇಬ್ಬರು ಬೇಕು. ವಿಳಾಸವೆಲ್ಲ ಮಳೆಗೆ ತೊಯ್ದು ಅಳಿಸಿಹೋಗಿತ್ತು. ನೌಕರರು ಲಿಲಾವಿನಲ್ಲಿ ಕೂಗುವಂತಿಲ್ಲವಾದ್ದರಿಂದ ಧನಪಾಲ ಮಾಮಾ ನಮ್ಮ ಕಾಕಾನನ್ನು ಕರೆಸಿದ. ಒಳಗೆ ಹಿತ್ತಾಳೆಯ ನಳಗಳಿರಬಹುದು ಎಂಬುದು ಇಬ್ಬರ ಲೆಕ್ಕಾಚಾರ. ಮನೆಗೆ ತಂದು ಒಡೆದರೆ ನಳ ಎಲ್ಲಿಂದ ಬರಬೇಕು? ಬೆರಳುದ್ದದ ಸೀಸದ ಗೊಂಬೆಗಳು! ಕತ್ತಿ ಹಿಡಿದವರು, ಕುದುರೆ ಏರಿದವರು, ತೋಳದ ಮೇಲೆ ಕುಳಿತವರು, ಕಾಡುಹಂದಿ ಓಡಿಸುವವರು, ಕೋರೆಹಲ್ಲಿನವರು, ಎತ್ತಿನ ಮೋರೆಯವರು. ಒಂದಕ್ಕೂ ಬಣ್ಣವಿಲ್ಲ, ಎಲ್ಲ ಬೂದುಬೂದು. ಕಾಕು ನೋಡಿದವಳೇ ಇದು ಯಾರೋ ಮಾಡಿಸಿದ ಮಾಟವೆಂದು ಲಿಂಬೆಹಣ್ಣು ಹುಡುಕಲು ಓಡಿದಳು.

ಪೆಟ್ಟಿಗೆಯ ತಳದಲ್ಲಿ ಒಂದು ಇಂಗ್ಲಿಷ್ ಪುಸ್ತಕ ಇತ್ತು. ಆಗ ನಾನು ಕಾಲೇಜಿಗೆ ಹೋಗುತ್ತಿದ್ದೆ, ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇದೊಂದು ಯುದ್ಧದ ಆಟ. ಗೊಂಬೆಗಳಿಗೆ ನಾವೇ ಬಣ್ಣ ಹಚ್ಚಿ ಎರಡು ದಂಡು ಕಟ್ಟಬೇಕು. ಟೇಪು ಹಿಡಿದು ಅಳೆದು ನಡೆಸಬೇಕು, ದಾಳ ಒಗೆದು ಕಾದಬೇಕು. ಇಬ್ಬರು ನಡುವಯಸ್ಸಿನ ಗಂಡಸರಿಗೆ ಇಷ್ಟು ಸಾಕಾಯಿತು! ಗೊಂಬೆಗಳನ್ನು ಅರ್ಧರ್ಧ ಹಂಚಿಕೊಂಡರು. ಕಾಕುವಿನ ಹೊಲಿಗೆ ಮಷೀನಿನ ಟೇಪು ಅಂದಿನಿಂದ ರಣರಂಗಕ್ಕೆ ಹೋದದ್ದು ಮತ್ತೆ ತಿರುಗಿ ಬರಲಿಲ್ಲ. ಸತ್ತ ಗೊಂಬೆಗಳನ್ನು ಎತ್ತಿಡಬೇಕೆಂದು ಪುಸ್ತಕ ಹೇಳುತ್ತಿತ್ತು. ಧನಪಾಲ ಮಾಮಾ ಒಪ್ಪಲಿಲ್ಲ. ಹುಳಕ್ಕೂ ಹಾದಿ ಬಿಟ್ಟು ನಡೆಯುವ ಮನೆತನ ತಮ್ಮದು, ಆಟದಲ್ಲಾದರೂ ಕೊಲ್ಲುವುದು ಹೇಗೆ? ಹಾಗಾಗಿ ನಮ್ಮ ಮನೆಯ ಯುದ್ಧದಲ್ಲಿ ಯಾರೂ ಸಾಯುತ್ತಿರಲಿಲ್ಲ, ಸೋತವರು ಬಸ್ಸು ಹಿಡಿದು ಊರಿಗೆ ಹೋಗುತ್ತಿದ್ದರು!

ಆಟಕ್ಕಿಂತ ದೊಡ್ಡ ಯುದ್ಧ ಬಣ್ಣದ್ದು. ಪ್ರತಿ ರವಿವಾರ ಧನಪಾಲ ಮಾಮಾ ಗೋಕಾಕಕ್ಕೆ ಬಂದು ಪಡಸಾಲೆಯಲ್ಲಿ ಕಾಕಾನ ಎದುರಿಗೆ ಕುಂಚ ಹಿಡಿದು ಕೂಡುತ್ತಿದ್ದ. ಅವನ ಕುದುರೆಗಳೆಲ್ಲ ಹಸಿರು. ತೋಳಗಳೆಲ್ಲ ಗುಲಾಬಿ. ಸೈನಿಕರ ಮೋರೆಯ ಮೇಲೆ ಪಾಚಿ ಕಟ್ಟಿದಂತೆ ಏನೇನೋ ಕಲೆ. ಕಾಕಾ ಡಬ್ಬಿಗಳ ಮೇಲೆಲ್ಲ ಬಣ್ಣದ ಹೆಸರು ಬರೆದು ಚೀಟಿ ಅಂಟಿಸಿದ. ಚೀಟಿ ಓದಿ ಹಾಕಲು ಇದೇನು ಔಷಧವೇ ಎಂದು ಧನಪಾಲ ಮಾಮಾ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಲೇ ಧನ್ಯಾ, ನೀ ಹುಟ್ಟಿದ ಮ್ಯಾಲ ಒಂದರ ಹಸರು ಕುದರಿ ನೋಡೀಯೇನಲೇ?" ಎಂದು ಕಾಕಾ ಕೇಳುತ್ತಿದ್ದ.

"ದಿನಾ ನೋಡತೇನಿ. ನನ್ನ ಕಣ್ಣಿಗೆ ಸರಿ ಐತಿ, ನೀ ಸುಮ್ನ ನಿನ್ನ ದಂಡು ನೋಡಕೋ," ಎಂದು ಅವನು ನಗುತ್ತಿದ್ದ.

ಹತ್ತು ವರ್ಷ ಇದೇ ಮಾತು! ಮನೆಗೆ ಬಂದವರಿಗೆಲ್ಲ ಕಾಕಾ ಆ ಹಸಿರು ಕುದುರೆಗಳನ್ನು ತೋರಿಸಿ ನಗಿಸುತ್ತಿದ್ದ. ಧನಪಾಲ ಮಾಮಾನೂ ಎಲ್ಲರ ಜೊತೆ ನಗುತ್ತಿದ್ದ. ಮತ್ತೆ ತಲೆ ತಗ್ಗಿಸಿ, ಎರಡೇ ಕೂದಲಿನ ಕುಂಚದಿಂದ ಒಂದೊಂದು ಗೊಂಬೆಗೆ ಒಂದೊಂದು ತಿಂಗಳು ಹಿಡಿಯುತ್ತಿದ್ದ. ಇಷ್ಟು ಕಷ್ಟಪಟ್ಟು ಯಾಕೆ ಕೆಡಿಸುತ್ತಾನೋ ಎಂದು ನಾನೂ ಅಂದುಕೊಂಡಿದ್ದೆ. ಈಗ ನೆನೆಸಿಕೊಂಡರೆ ನನಗೇ ನಾಚಿಕೆಯಾಗುತ್ತದೆ.

ಒಂದು ದೀಪಾವಳಿ ಮುಗಿದ ವಾರ ಧನಪಾಲ ಮಾಮಾನಿಗೆ ಎದೆ ಹಿಡಿದುಕೊಂಡಿತು. ದವಾಖಾನೆಗೆ ಒಯ್ಯುವ ದಾರಿಯಲ್ಲೇ ಹೋಗಿಬಿಟ್ಟ. ಕಾಕಾ ಅಳಲಿಲ್ಲ. ಸುಡುಗಾಡಿನಿಂದ ಬಂದವನು ಜಳಕ ಮಾಡಿ ಪೆಟ್ಟಿಗೆ ತೆರೆದು ಕುಳಿತ. ಧನಪಾಲ ಮಾಮಾನ ದಂಡಿನಲ್ಲಿ ಬಣ್ಣ ಕಾಣದ ಗೊಂಬೆಗಳು ಇನ್ನೂ ಮೂವತ್ತೋ ನಲವತ್ತೋ ಉಳಿದಿದ್ದವು. ಅವನ್ನೆಲ್ಲ ತಾನು ಮುಗಿಸುತ್ತೇನೆಂದ. ಮುಗಿಸಲಿ, ಅದರಲ್ಲೇನು? ಗೋಕಾಕದಲ್ಲಿ ಅವನಷ್ಟು ಚೊಕ್ಕ ಬಣ್ಣ ಹಚ್ಚುವವರು ಯಾರಿದ್ದರು? ಹಾಗೆಂದು ನಾನು ಹೇಳಿದ್ದೇ ತಪ್ಪಾಯಿತು.

"ನನ್ನಂಗ ಹಚ್ಚಿದ್ರ ಅದು ನನ್ನ ದಂಡು ಆಗತೈತಿ ಯವ್ವಾ," ಎಂದ. "ಅವನ ದಂಡು ಅವನಂಗ ಮುಗೀಬೇಕು. ಅವ ಬಂದು ನೋಡಿದ್ರ, ಇದು ನಾನ ಹಚ್ಚೇನಿ ಅನ್ನಬೇಕು."

ಅಂದರೆ ಕಾಕಾ ಈಗ ತಪ್ಪು ಬಣ್ಣ ಹಚ್ಚಲು ಕಲಿಯಬೇಕು! ನಲವತ್ತು ವರ್ಷ ಬದನೆಕಾಯಿಗೇ ಬುದ್ಧಿ ಹೇಳಿದ ಕೈಗೆ ಅದು ಸುಲಭವೇ? ಕುದುರೆ ಎತ್ತಿಕೊಂಡರೆ ಕುಂಚ ತಾನಾಗಿ ಕಂದು ಬಣ್ಣದ ಡಬ್ಬಿಗೆ ಹೋಗುತ್ತಿತ್ತು. ಕಣ್ಣು ಮುಚ್ಚಿ ಡಬ್ಬಿ ಆರಿಸಿದ, ಮೂಗು ವಾಸನೆ ಹಿಡಿದು ಹೇಳಿಬಿಡುತ್ತಿತ್ತು. ಕರಿ ಕನ್ನಡಕ ಹಾಕಿಕೊಂಡು ಕುಳಿತ, ಕುದುರೆಯ ಬದಲು ತನ್ನ ಧೋತರಕ್ಕೆ ಬಣ್ಣ ಹಚ್ಚಿಕೊಂಡ. ಚೀಟಿ ಕಿತ್ತು ಡಬ್ಬಿಗಳನ್ನು ಅದಲುಬದಲು ಮಾಡಿಡು ಎಂದು ಕಾಕುವಿಗೆ ಗಂಟುಬಿದ್ದ. ಅವಳು ಎಲ್ಲ ಕೆಲಸ ಬಿಟ್ಟು ಡಬ್ಬಿ ಅದಲುಬದಲು ಮಾಡುತ್ತ ಕೂತಳು. ಅಷ್ಟಾದ ಮೇಲೂ ಮೊದಲ ಕುದುರೆ ಎಂಥ ಚಂದದ ಕಂದು ಕುದುರೆಯಾಯಿತೆಂದರೆ, ಕಾಕಾ ಅದನ್ನು ಗೋಡೆಗೆ ಎಸೆದ.

ಬರಬರುತ್ತ ಕೈ ಹದಕ್ಕೆ ಬಂತು. ಧನಪಾಲ ಮಾಮಾನ ಹಳೆಯ ಕುದುರೆಗಳನ್ನು ಎದುರಿಗಿಟ್ಟುಕೊಂಡು ಹೊಸ ಕುದುರೆಗೆ ಗಿಳಿ ಹಸಿರು ಬಳಿದ. ತೋಳಗಳಿಗೆ ಗುಲಾಬಿ, ಮೋರೆಗಳ ಮೇಲೆ ಕಲೆ. ಧನಪಾಲ ಮಾಮಾ ಮುಟ್ಟದೇ ಹೋದ ಕಾಡುಹಂದಿಗಳಿಗೆ ಏನು ಮಾಡುವುದು? ತಪ್ಪು ಅಂದಮೇಲೆ ಯಾವುದಾದರೇನು ಎಂದು ನೀಲಿ ಹಚ್ಚಿದ. ಒಂದು ವರ್ಷ ಕಟ್ಟಿಗೆಯ ಹಣ್ಣು ಮುಟ್ಟಲಿಲ್ಲ, ಸಂತೆಗೂ ಹೋಗಲಿಲ್ಲ. ದಂಡು ಮುಗಿದಾಗ ಗೆಳೆಯ ಹಚ್ಚಿದವನ್ನೂ ತಾನು ಹಚ್ಚಿದವನ್ನೂ ಬೆರೆಸಿಟ್ಟು ನಮ್ಮನ್ನು ಕರೆದು, ಇದರಲ್ಲಿ ತನ್ನವು ಯಾವು ಹೇಳಿ ಎಂದ. ಹಂದಿಗಳನ್ನು ಬಿಟ್ಟರೆ ಉಳಿದವು ನಮಗ್ಯಾರಿಗೂ ಗೊತ್ತಾಗಲಿಲ್ಲ. ಗೆಳೆಯ ಹೋದಮೇಲೆ ಅವನು ನಕ್ಕದ್ದನ್ನು ನಾನು ಅಂದೇ ಕಂಡದ್ದು.

ಧನಪಾಲ ಮಾಮಾನ ಹೆಂಡತಿ ಆಗ ಹುಕ್ಕೇರಿಯಲ್ಲಿ ಮೈದುನನ ಮನೆಯಲ್ಲಿದ್ದರು. ಅವರಿಗೆ ತೋರಿಸಬೇಕೆಂದು ದಂಡನ್ನೆಲ್ಲ ಕರದಂಟಿನ ಡಬ್ಬಿಗಳಲ್ಲಿ ಅರಳೆ ಹಾಕಿ ತುಂಬಿಕೊಂಡು ಕಾಕಾ, ನಾನು ಇಬ್ಬರೂ ಬಸ್ಸು ಹತ್ತಿದೆವು. ಗೊಂಬೆಗಳು ಅಲುಗಾಡಬಾರದೆಂದು ಕಾಕಾ ಡ್ರೈವರನಿಗೆ ಪ್ರತಿ ತಗ್ಗಿಗೂ ಮುಂಚೆಯೇ ಕೂಗಿ ಹೇಳುತ್ತಿದ್ದ. ಘಟಪ್ರಭಾ ದಾಟುವುದರೊಳಗೆ ಡ್ರೈವರ್ ಬಸ್ಸು ನಿಲ್ಲಿಸಿ, ನೀವೇ ಬಂದು ಓಡಿಸಿ ಎಂದು ಕೈ ಮುಗಿದ.

ಹುಕ್ಕೇರಿಯ ಮನೆಯಲ್ಲಿ ಮಂಚದ ಮೇಲೆ ದಂಡು ಹೂಡಿದೆವು. ಧನಪಾಲ ಮಾಮಾನ ಹೆಂಡತಿ ಒಂದೊಂದನ್ನೇ ಮುಟ್ಟಿ ನೋಡಿ, ಎಲ್ಲ ಅವರೇ ಹಚ್ಚಿದಂತಿದೆ ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕಾಕಾನ ಎದೆ ಉಬ್ಬಿತು. ಅಷ್ಟರಲ್ಲಿ ಅಂಗಡಿಯಿಂದ ಊಟಕ್ಕೆ ಬಂದರು ಧನಪಾಲ ಮಾಮಾನ ತಮ್ಮ ಸುಕುಮಾರ. ಅವರದು ಮೂವತ್ತು ವರ್ಷದ ಸೀರೆ ಅಂಗಡಿ. ಇದರಲ್ಲಿ ತಾನು ಹಚ್ಚಿದವೂ ಇವೆ ಎಂದು ಕಾಕಾ ಹೇಳಿದ್ದೇ ತಡ, ಮಂಚದ ಮುಂದೆ ಕುಳಿತು ಗೊಂಬೆಗಳನ್ನು ಎತ್ತಿ ಎತ್ತಿ ಎಡಕ್ಕೊಂದು ಬಲಕ್ಕೊಂದು ಇಡತೊಡಗಿದರು. ಅಕ್ಕಿಯಲ್ಲಿ ಹರಳು ಆರಿಸುವಷ್ಟು ಸಲೀಸಾಗಿ ಕ್ಷಣದಲ್ಲಿ ಎರಡು ಸಾಲು ಮಾಡಿದರು.

"ಇವು ಅಣ್ಣನವು. ಇವು ನೀವು ಮಾಡಿದ್ದು. ಹೌದಲ್ರಿ?"

ಒಂದೂ ತಪ್ಪಿರಲಿಲ್ಲ! ಕಾಕಾನ ಮುಖ ಇಳಿದುಹೋಯಿತು. ಹೇಗೆ ಗೊತ್ತಾಯಿತೆಂದು ಕೇಳಿದ.

"ಅಣ್ಣನವು ಸರಿ ಅದಾವಲ್ರಿ," ಎಂದರು ಸುಕುಮಾರ. "ಕುದರಿ ಕುದರಿ ಬಣ್ಣ ಅದಾವು, ತ್ವಾಳ ತ್ವಾಳದಂಗ ಅದಾವು. ನಿಮ್ಮವು ಭಾಳ ಕೆಟ್ಟಾವ್ರಿ, ಸಿಟ್ಟಾಗಬ್ಯಾಡ್ರಿ. ನೀಲಿ ಹಂದಿ ಎಲ್ಲ್ಯರ ಇರತಾವೇನ್ರಿ?"

ನಾನು ಕಾಕಾನ ಮುಖ ನೋಡಿದೆ, ಕಾಕಾ ನನ್ನ ಮುಖ ನೋಡಿದ. ಸುಕುಮಾರ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ತಮ್ಮ ಕಣ್ಣೂ ಅಣ್ಣನ ಕಣ್ಣಿನಂಥದೇ ಅಂತೆ. ಅಣ್ಣ ಪರೀಕ್ಷೆಗೆ ಕುಳಿತ, ಸಿಕ್ಕುಬಿದ್ದ. ತಮ್ಮನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಅಂಗಡಿಯಲ್ಲಿ ಸೀರೆಯ ಗಂಟಿಗೆಲ್ಲ ಹೆಂಡತಿ ಬಣ್ಣದ ಹೆಸರು ಬರೆದು ಚೀಟಿ ಚುಚ್ಚಿಟ್ಟಿದ್ದಾಳೆ, ಓದಿ ಓದಿ ಮಾರುತ್ತೇನೆ ಎಂದರು. ಮೂವತ್ತು ವರ್ಷ ಹುಕ್ಕೇರಿಯ ಹೆಂಗಸರೆಲ್ಲ ಈ ಮನುಷ್ಯನನ್ನು, ಈ ಬಣ್ಣ ನನಗೆ ಒಪ್ಪುತ್ತದೆಯೇ ಎಂದು ಕೇಳಿ ಸೀರೆ ಒಯ್ದಿದ್ದರು!

ನನಗೆ ನಗು ತಡೆಯಲಾಗಲಿಲ್ಲ. ಕಾಕಾ ನಗಲಿಲ್ಲ. ಧನಪಾಲ ಮಾಮಾನ ಒಂದು ಕುದುರೆಯನ್ನು ಎತ್ತಿ, ಕೈ ತುಸು ಮುಂದೆ ಮಾಡಿ ಅವರಿಗೆ ಹಿಡಿದ.

"ಇದು ನಿಮ್ಮ ಕಣ್ಣಿಗೆ ಹೆಂಗ ಕಾಣತೈತ್ರಿ? ಖರೇ ಹೇಳ್ರಿ."

ಸುಕುಮಾರ ಅದನ್ನು ಕಿಟಕಿಯ ಬೆಳಕಿಗೆ ಒಯ್ದರು. ಹೊಟ್ಟೆಯ ಕೆಳಗೆ ನೆರಳು ಬಿದ್ದಿದೆ, ಬೆನ್ನ ಮೇಲೆ ಬಿಸಿಲು ಬಿದ್ದಿದೆ, ಓಡಿ ಬೆವೆತ ಕುದುರೆಯ ಹಾಗೆ ಕುತ್ತಿಗೆ ಮಿರಮಿರ ಅನ್ನುತ್ತಿದೆ ಎಂದರು. ಸೈನಿಕನನ್ನು ಕೈಗೆ ಕೊಟ್ಟರೆ, ಮುಖದಲ್ಲಿ ದಣಿವು ಕಾಣುತ್ತದೆ, ವಯಸ್ಸಾದವನು, ಎರಡು ದಿನ ಗಡ್ಡ ಬೋಳಿಸಿಲ್ಲ ಎಂದರು. ನಾವು ಪಾಚಿಯೆಂದು ನಕ್ಕದ್ದು ಆ ಗಡ್ಡವನ್ನೇ ನೋಡಿ. "ಇಷ್ಟು ಚಂದ ಬಣ್ಣದ ಕೆಲಸ ನಾ ಎಲ್ಲೂ ನೋಡಿಲ್ರಿ. ನೀವು ಕಲಿಸಿದ್ದೇನ್ರಿ ಅಣ್ಣಗ?"

"ನಾ ಏನೂ ಕಲಿಸಿಲ್ಲ," ಎಂದ ಕಾಕಾ. "ಹತ್ತ ವರ್ಷ ಮಂದೀನ ಕರದು ನಗಿಸೇನಿ."

ತಾನು ಹಚ್ಚಿದವನ್ನೆಲ್ಲ ಮಂಚದಿಂದ ತೆಗೆದು ಡಬ್ಬಿಗೆ ಹಾಕಿ, ಟರ್ಪೆಂಟೈನ್ ಹಾಕಿ ಎಲ್ಲ ತೊಳೆಯಬೇಕು ಎಂದು ನನಗೆ ಹೇಳಿದ. ಮುಂದಿನ ರವಿವಾರ ಬಣ್ಣದ ಡಬ್ಬಿ ತರುತ್ತೇನೆ, ಹಂದಿಗೆ ಯಾವುದು, ಕುದುರೆಗೆ ಯಾವುದು ಎಂದು ನೀವು ಬೆರಳು ಮಾಡಿ ತೋರಿಸಿ, ನಾನು ಹಾಗೇ ಹಚ್ಚುತ್ತೇನೆ ಎಂದು ಸುಕುಮಾರರಿಗೆ ಹೇಳಿದ. ಬಣ್ಣದ ವಿಷಯದಲ್ಲಿ ನಮ್ಮ ಕಾಕಾ ಒಬ್ಬರನ್ನು ಕೇಳಿದ್ದು ನಾನು ಅಂದೇ ನೋಡಿದ್ದು.

ಆಮೇಲೆ ಉಳಿದ ಗೊಂಬೆಗಳನ್ನು ಒಂದೊಂದಾಗಿ ಅವರ ಕೈಗೆ ಕೊಡುತ್ತ, ಇದು ಹೆಂಗೈತಿ, ಇದು ಹೆಂಗೈತಿ ಎಂದು ಕೇಳುತ್ತ ಹೋದ. ಸುಕುಮಾರ ಊಟ ಮರೆತು ಹೇಳುತ್ತ ಹೋದರು. ನಮ್ಮ ಬಸ್ಸು ಯಾವಾಗಲೋ ಹೋಗಿತ್ತು. ಕೊನೆಯದೂ ಮುಗಿದ ಮೇಲೆ ಕಾಕಾ ಮೊದಲಿನ ಕುದುರೆಯನ್ನೇ ಮತ್ತೆ ಎತ್ತಿಕೊಂಡು ಅಂಗೈಯಲ್ಲಿ ಇಟ್ಟುಕೊಂಡ. ನಮ್ಮ ಕಣ್ಣಿಗೆ ಅದು ಈಗಲೂ ಹಸಿರೇ. ಒಂದು ವರ್ಷ ತಡೆದ ಅಳು ಅವನಿಗೆ ಆಗ ಬಂತು, ನಾವೆಲ್ಲ ಇದ್ದೇವೆಂಬ ಪರಿವೆಯೂ ಇರಲಿಲ್ಲ.

"ಭಾಳ ಚಂದ ಹಚ್ಚೀಯಲೇ, ಧನ್ಯಾ," ಎಂದ ಕುದುರೆಗೆ.