ಮಾವನ ಕೈ, ಕಸ್ತೂರಿಯ ಬಾಯಿ

ಮದುವೆಗೆ ಹೋದವರು ತಾಂಬೂಲದ ಚೀಲ ಹಿಡಿದು ವಾಪಸಾಗುತ್ತಾರೆ. ನಮ್ಮ ಸೋದರಮಾವ ಕುದುರೆ ಹಿಡಿದು ವಾಪಸಾದರು! ಕಟ್ಟುಕಥೆ ಅಂದುಕೊಳ್ಳಬೇಡಿ. ಮದುವೆ ನಡೆದದ್ದು ಶಿವಮೊಗ್ಗದಲ್ಲಿ, ವಿದ್ಯಾನಗರದ ನಮ್ಮ ಮನೆಯ ಹಿಂದಿನ ಬೀದಿಯ ಛತ್ರದಲ್ಲಿ. ನಾನೂ ಮಾವನ ಪಕ್ಕದ ಎಲೆಯಲ್ಲೇ ಕೂತಿದ್ದೆ. ವರನನ್ನು ಕೂರಿಸಿಕೊಂಡು ಬಂದ ಎಳೆಯ ಹೆಣ್ಣುಕುದುರೆ ಬ್ಯಾಂಡಿನ ಸದ್ದಿಗೆ ಬೆದರಿ ತಲೆ ಎತ್ತಿ ಎತ್ತಿ ಹಾಕುತ್ತಿತ್ತು. ಅದು ತಲೆ ಎತ್ತಿದಷ್ಟೂ ಅದರ ಮಾಲೀಕ ಲಗಾಮು ಜಗ್ಗುತ್ತಿದ್ದ. ಬಾಯಿಯ ಅಂಚಿನಲ್ಲಿ ನೊರೆ, ನೊರೆಯಲ್ಲಿ ನಸುಗೆಂಪು. ಕಿಟಕಿಯಿಂದ ಅದನ್ನು ನೋಡಿದ ಮಾವ ತಿಂಡಿಯ ಎಲೆ ಬಿಟ್ಟು ಎದ್ದರು. ಅದೂ ಕೇಸರಿಬಾತ್ ಬಡಿಸುವ ಹೊತ್ತಿಗೆ ಎದ್ದರು ಎಂದರೆ ವಿಷಯ ಎಷ್ಟು ಗಂಭೀರ ಎಂದು ನೀವೇ ಅಂದಾಜು ಮಾಡಿಕೊಳ್ಳಿ.

ಅರ್ಧ ಗಂಟೆಯ ಮಾತುಕತೆಯಲ್ಲಿ ಮಾವನ ಹಳೆಯ ಬುಲೆಟ್ ಬೈಕು ಆ ಮಾಲೀಕನ ಪಾಲಾಯಿತು, ಕುದುರೆ ಮಾವನ ಪಾಲಾಯಿತು. ಬುಲೆಟ್ಟಿನ ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟು ಬಂದಿದ್ದ ನಮ್ಮ ಅತ್ತೆ ಬಸ್ಸಿನಲ್ಲಿ ನಿಂತುಕೊಂಡು ಭದ್ರಾವತಿಗೆ ಹೋದರು.

ಒಂದು ವಾರ ಅತ್ತೆ ಮಾವನ ಜೊತೆ ಮಾತಾಡಲಿಲ್ಲ. ಆ ಮಾತನ್ನೆಲ್ಲ ಫೋನಿನಲ್ಲಿ ನನ್ನ ಜೊತೆ ಆಡಿದರು. "ನಿಮ್ಮ ಮಾವನ್ನ ತ್ಯಾವರೆಕೊಪ್ಪದ ಸಫಾರಿ ಕಡೆಗೆ ಮಾತ್ರ ಕರ್ಕೊಂಡು ಹೋಗ್ಬೇಡ ಮಾರಾಯ. ಹುಲಿ ಸಿಂಹ ಕಟ್ಟಾಕೋಕೆ ನಮ್ಮನೇಲಿ ಜಾಗ ಇಲ್ಲ."

ವಾರ ಕಳೆದ ಮೇಲೆ ಅತ್ತೆಯೇ ಒಂದು ಷರತ್ತು ಹಾಕಿದರು. ಯುಗಾದಿಯ ಹಿಂದಿನ ಭಾನುವಾರ ಕುದುರೆ ಮಾವನನ್ನು ಹೊತ್ತು ಮೈದಾನಕ್ಕೆ ಒಂದು ಸುತ್ತು ಬರಬೇಕು, ಒಂದೇ ಒಂದು ಸಲವೂ ತಲೆ ಎತ್ತಿ ಹಾಕಬಾರದು. ಹಾಕಿದರೆ ಕುದುರೆ ವಾಪಸ್ಸು, ಬುಲೆಟ್ ಮನೆಗೆ. ಮಾಲೀಕನೂ ಹೂಂ ಅಂದ. ವಾಪಸ್ಸು ಹೋದರೆ ಕಸ್ತೂರಿಗೆ (ಮಾವ ಅಷ್ಟರಲ್ಲಿ ಹೆಸರನ್ನೂ ಇಟ್ಟಿದ್ದರು) ಮತ್ತೆ ಅದೇ ಬ್ಯಾಂಡು, ಅದೇ ಜಗ್ಗಾಟ ಎಂಬುದು ನಮಗೆಲ್ಲ ಗೊತ್ತಿತ್ತು. ಮಾವ ಮಾತ್ರ ನಕ್ಕುಬಿಟ್ಟರು. "ನನ್ನ ಕೈ ಮೇಲೆ ನಂಬಿಕೆ ಇಲ್ವೇನೇ?"

ಈ ಕೈಯ ವಿಷಯ ಸ್ವಲ್ಪ ಹೇಳಬೇಕು. ಮಾವ ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರು. ಕೆಂಪಗೆ ಕುದಿಯುವ ಕಬ್ಬಿಣದ ದೊಡ್ಡ ಕೊಪ್ಪರಿಗೆಯನ್ನು ಈ ತುದಿಯಿಂದ ಆ ತುದಿಗೆ ಹನಿ ಚೆಲ್ಲದೆ ದಾಟಿಸುವುದು ಅವರ ಕೆಲಸ. ಲಿವರ್ ಹಿಡಿದ ಕೈ ಕಲ್ಲಿನ ಹಾಗೆ ನಿಂತಿರುತ್ತಿತ್ತಂತೆ. ಅಂದಿನಿಂದ ಅವರು ಲೋಕವನ್ನು ಕೈಯಿಂದಲೇ ಅಳೆಯುತ್ತಾರೆ. ಹೋಟೆಲಿನಲ್ಲಿ ಕಾಫಿ ಇಟ್ಟವನ ಕೈ ಅಲುಗಿತೆಂದು ಕುಡಿಯದೆ ಎದ್ದು ಬಂದವರು ನಮ್ಮ ಮಾವ. ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕ ದಿನ ಕೈ ಕುಲುಕಿ, ತುಸು ಯೋಚಿಸಿ, "ಬ್ಯಾಂಕೇ ಸರಿ ಬಿಡು, ಬೇರೆ ಯಾವುದಕ್ಕೂ ಈ ಕೈ ಆಗಲ್ಲ" ಎಂದು ಆಶೀರ್ವಾದ ಮಾಡಿದ್ದರು.

ಅಂಥ ಕೈಯನ್ನು ಮೂರು ವರ್ಷದ ಕಸ್ತೂರಿ ಮೊದಲ ದಿನವೇ ಫೇಲ್ ಮಾಡಿದಳು! ಬೆನ್ನ ಮೇಲೆ ಜೀನು ಹಾಕಿದರೆ ಸುಮ್ಮನಿದ್ದಳು, ಮಾವ ಹತ್ತಿ ಕೂತರೂ ಸುಮ್ಮನಿದ್ದಳು. ಲಗಾಮು ಕೈಗೆ ತೆಗೆದುಕೊಂಡರೋ ಇಲ್ಲವೋ, ತಲೆಯನ್ನು ರಪ್ಪನೆ ಹಿಂದಕ್ಕೆ ಎಸೆದಳು. ಮಾವನ ಮೂಗು ಬದನೆಕಾಯಿ ಆಯಿತು. ಅತ್ತೆ ಅರಿಶಿನ ಹಚ್ಚುತ್ತಾ ತುಟಿ ಪಿಟಕ್ಕೆನ್ನಲಿಲ್ಲ, ಆದರೆ ಆ ಮೌನದಲ್ಲಿ ಬುಲೆಟ್ಟಿನ ಸದ್ದು ಕೇಳುತ್ತಿತ್ತು.

ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಮಾವ ಮೊಬೈಲಿನಲ್ಲಿ ವಿದೇಶಿ ಸವಾರರ ವಿಡಿಯೋಗಳನ್ನು ಹುಡುಕಿ, ಪ್ರತಿ ಭಾನುವಾರ ನನ್ನನ್ನು ಕರೆಸಿ, ಇಂಗ್ಲಿಷನ್ನು ಕನ್ನಡಕ್ಕೆ ತರಿಸಿಕೊಂಡರು. ಎಲ್ಲರೂ ಹೇಳುವುದು ಒಂದೇ. ಸವಾರನ ಕೈಗೂ ಕುದುರೆಯ ಬಾಯಿಗೂ ನಡುವೆ ಸದಾ ಒಂದು ಸಣ್ಣ, ಸಮನಾದ ಬಿಗಿ ಇರಬೇಕು. ಲಗಾಮು ಜೋತುಬಿದ್ದರೆ ಕುದುರೆಗೆ ದಿಕ್ಕಿಲ್ಲ, ಎಳೆದರೆ ನೆಮ್ಮದಿಯಿಲ್ಲ. ಕೈ ಸ್ಥಿರವಾಗಿದ್ದರೆ ಕುದುರೆ ತಾನಾಗಿಯೇ ಬಾಯಿಯನ್ನು ಆ ಕೈಗೆ ಒಪ್ಪಿಸುತ್ತದೆ. "ಸ್ಥಿರ ಅಂದ್ರಲ್ಲ, ಅಷ್ಟು ಸಾಕು" ಎಂದು ಮಾವ ಎದ್ದರು.

ಆಮೇಲಿನ ಎರಡು ತಿಂಗಳು ಮಾವ ಕೈಯನ್ನು ಸ್ಥಿರಗೊಳಿಸಿದ ಬಗೆ ಕೇಳಿ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ನಿಂತು, ತುಂಬಿದ ಮಜ್ಜಿಗೆ ಲೋಟ ಹಿಡಿದು ಬರುತ್ತಿದ್ದರು. ಒಂದು ಹನಿಯೂ ಚೆಲ್ಲಲಿಲ್ಲವಂತೆ. ಕಂಡಕ್ಟರ್ ಮಾತ್ರ "ಕುಡೀರಿ ಯಜಮಾನ್ರೇ, ಇಲ್ಲಾ ನಂಗಾದ್ರೂ ಕೊಡಿ" ಎಂದನಂತೆ. ಹತ್ತಿಯ ಪಟ್ಟಿಯ ಲಗಾಮು ಮೆತ್ತಗಿರುತ್ತದೆಂದು ಗಾಂಧಿ ಬಜಾರಿನ ಅಂಗಡಿಯೊಂದಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಪಟ್ಟಿಯ ಒಂದು ತುದಿಯನ್ನು ಅಂಗಡಿಯವರ ಕೈಗೆ ಕೊಟ್ಟು, ಕಣ್ಣು ಮುಚ್ಚಿಸಿ, ಇನ್ನೊಂದು ತುದಿಯನ್ನು ತಾವು ಹಿಡಿದು ನಿಂತರು.

"ಏನನಿಸ್ತಿದೆ ಹೇಳಿ?"

"ಗಿರಾಕಿಗಳು ವಾಪಸ್ ಹೋಗ್ತಿದಾರೆ ಅನಿಸ್ತಿದೆ ಸಾರ್."

ಇಷ್ಟಾದರೂ ಕಸ್ತೂರಿ ಒಪ್ಪಲಿಲ್ಲ. ನಿಂತಾಗ ಸರಿಯಿರುತ್ತಿದ್ದಳು, ನಾಲ್ಕು ಹೆಜ್ಜೆ ನಡೆದರೆ ತಲೆ ಆಕಾಶಕ್ಕೆ. ಯುಗಾದಿ ಹತ್ತಿರ ಬರುತ್ತಿತ್ತು. ಮಾವ ಸೊರಗಿಹೋದರು, ಆದರೆ ಒಂದು ದಿನವೂ ಮೈದಾನಕ್ಕೆ ಹೋಗುವುದನ್ನು ತಪ್ಪಿಸಲಿಲ್ಲ. ಕಡೆಗೆ ಒಂದು ಭಾನುವಾರ ನನ್ನನ್ನೇ ಕುದುರೆ ಮಾಡಲು ಹೊರಟರು. ಬಾಯಿಗೆ ಸೌಟಿನ ಹಿಡಿ ಕಚ್ಚಿಸಿ, ಅದಕ್ಕೆ ಪಟ್ಟಿ ಕಟ್ಟಿ, ಅಂಗಳದಲ್ಲಿ ನಡೆಸಿದರು. ಬಟ್ಟೆ ಒಣಗಿಸುತ್ತಿದ್ದ ಅತ್ತೆಗೆ ನನ್ನ ಹಲ್ಲಿನ ಬಗ್ಗೆ ಕನಿಕರ ಬಂತೋ, ಸೌಟಿನ ಬಗ್ಗೆ ಬಂತೋ, ಬಂದು ಪಟ್ಟಿ ಕಿತ್ತುಕೊಂಡು, ಅದರ ನಡುಭಾಗವನ್ನು ಮಾವನ ಕೈಗೆ ಕೊಟ್ಟು, ತಾವೇ ಎರಡೂ ತುದಿ ಹಿಡಿದು ಮುಂದೆ ನಡೆದರು. ಹತ್ತು ಹೆಜ್ಜೆಗೆ ನಿಂತರು.

"ರೀ, ನಿಮ್ಮ ಕೈ ಕಂಬ ಆಗಿದೆ."

"ಹಂಗೇ ಇರ್ಬೇಕು ಕಣೇ. ಸ್ಥಿರ ಅಂದ್ರೆ ಅದೇ ಅಲ್ವಾ?"

"ಕಂಬಕ್ಕೆ ಕಟ್ಟಾಕಿಸ್ಕೊಂಡು ಯಾರಾದ್ರೂ ನಡೀತಾರೇನ್ರಿ? ನಾನು ಹೆಜ್ಜೆ ಇಟ್ಟಾಗೆಲ್ಲ ನಿಮ್ಮ ಕೈ ನನ್ನ ಹಿಂದಕ್ಕೆ ಜಗ್ತಿದೆ. ನಡೆಯೋವಾಗ ಕುದುರೆ ಕತ್ತು ಮುಂದೆ ಹಿಂದೆ ಆಡಲ್ವಾ? ನಿಮ್ಮ ಮೊಣಕೈನೂ ಅದ್ರ ಜೊತೆ ಆಡ್ಬೇಕು. ಜೊತೇಲಿ ಬರೋದನ್ನ ಕಲೀರಿ. ಮದ್ವೆ ಆದಾಗಿಂದ ಇದನ್ನೇ ಬಡ್ಕೊಳ್ತಿದೀನಿ."

ಮಾವ ಪೆಚ್ಚಾಗಿ ಕೂತರು. ಇಷ್ಟು ವರ್ಷ ಅನ್ನ ಕೊಟ್ಟ ಕಲ್ಲಿನಂಥ ಕೈಯೇ ತಪ್ಪು ಎಂದರೆ ಯಾರಿಗೆ ತಾನೇ ಸಂಕಟವಾಗುವುದಿಲ್ಲ? ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಮೂರನೆಯ ದಿನ ಬೆಳಿಗ್ಗೆ ಪಟ್ಟಿ ಹಿಡಿದು ಅತ್ತೆಯ ಮುಂದೆ ನಿಂತು, "ಇನ್ನೊಂದ್ಸಲ ನಡಿ ನೋಡೋಣ" ಅಂದರಂತೆ. ಅಂದಿನಿಂದ ದಿನಾ ಬೆಳಿಗ್ಗೆ ಅರ್ಧ ಗಂಟೆ ಅತ್ತೆ, ಆಮೇಲೆ ಒಂದು ಗಂಟೆ ಕಸ್ತೂರಿ. ಕುದುರೆ ವಾಪಸ್ಸು ಹೋಗಲಿ ಎನ್ನುತ್ತಿದ್ದ ಅತ್ತೆ ಯಾಕೆ ನಡೆದರು ಎಂದು ನನ್ನನ್ನು ಕೇಳಬೇಡಿ. ನಾನು ಕೇಳಿದ್ದಕ್ಕೆ "ಡಾಕ್ಟ್ರು ವಾಕಿಂಗ್ ಹೇಳಿದಾರೆ" ಎಂದರು.

ಒಂದು ಸಂಜೆ ಮಾವನ ಫೋನ್ ಬಂತು. "ಇವತ್ತು ಕತ್ತು ತಗ್ಗಿಸಿ, ಲಗಾಮಿನ ಕಬ್ಬಿಣ ಮೆಲ್ಲಗೆ ಅಗೀತಾ, ನನ್ನ ಕೈಗೆ ಬಾಯಿ ಕೊಟ್ಲು ಕಣೋ" ಎಂದರು. "ಕ್ರೇನ್ ಇಳಿದ ಮೇಲೆ ಈ ಕೈಗೆ ಯಾರೂ ಏನೂ ಕೊಟ್ಟಿರ್ಲಿಲ್ಲ ಮಾರಾಯ" ಎಂದು ಫೋನಿಟ್ಟರು.

ಷರತ್ತಿನ ಭಾನುವಾರ ಬಂತು. ಕಾರ್ಖಾನೆಯ ಕ್ವಾರ್ಟರ್ಸ್ ಹಿಂದಿನ ಮೈದಾನದಲ್ಲಿ ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತರು, ಪಕ್ಕದಲ್ಲಿ ನಾನು. ಮಾವ ಹೊರಟರು. ಕಸ್ತೂರಿಯ ಕತ್ತು ನಡಿಗೆಗೆ ತಕ್ಕಂತೆ ಆಡುತ್ತಿತ್ತು, ಮಾವನ ಮೊಣಕೈ ಅದರ ಜೊತೆಗೇ ಹೋಗಿ ಬರುತ್ತಿತ್ತು, ಲಗಾಮು ಒಂದು ಕಡೆಯೂ ಜೋಲಲಿಲ್ಲ. ಮುಕ್ಕಾಲು ಸುತ್ತು ಮುಗಿಯಿತು. ಅಷ್ಟರಲ್ಲಿ ಕುದುರೆಯ ಹಳೆಯ ಮಾಲೀಕ ಅದೇ ಬುಲೆಟ್ಟಿನಲ್ಲಿ ಡಬಡಬ ಎಂದು ಮೈದಾನದ ಅಂಚಿಗೆ ಬಂದ. ಕಸ್ತೂರಿ ಅವನನ್ನು ಕಂಡಳು. ತಲೆ ರಪ್ಪನೆ ಮೇಲೆ ಹೋಯಿತು.

ಆದರೆ ಮಾವ ಜಗ್ಗಲಿಲ್ಲ, ಬಿಡಲೂ ಇಲ್ಲ. ಕೈ ಅವಳ ಜೊತೆಗೇ ಮೇಲೆ ಹೋಗಿ, ಅವಳ ಜೊತೆಗೇ ಇಳಿಯಿತು. ಎರಡು ಹೆಜ್ಜೆಯಲ್ಲಿ ಕಸ್ತೂರಿ ಮತ್ತೆ ಬಾಯಿಯನ್ನು ಮಾವನ ಕೈಗೆ ಒಪ್ಪಿಸಿ ಸುತ್ತು ಮುಗಿಸಿದಳು.

ಮಾವ ಕೆಳಗಿಳಿದರು. ಲಗಾಮು ಹಿಡಿದು ನೇರ ಮಾಲೀಕನ ಕಡೆಗೆ ನಡೆದರು. "ತಲೆ ಎತ್ತಿದ್ಲು. ಷರತ್ತು ಷರತ್ತೇ. ಕರ್ಕೊಂಡು ಹೋಗಪ್ಪ."

"ಯಾವಾಗ ಎತ್ತಿದ್ಲು?" ಎಂದರು ಅತ್ತೆ ಕುರ್ಚಿಯಿಂದಲೇ.

"ಈಗ ತಾನೇ, ಆ ಮೂಲೇಲಿ. ಒಂದ್ಸಲ."

"ನನಗೆ ಕಾಣ್ಲಿಲ್ಲ. ಕನ್ನಡಕ ಮನೇಲೇ ಬಿಟ್ಟು ಬಂದಿದೀನಿ."

ಕನ್ನಡಕ ಅತ್ತೆಯ ಮೂಗಿನ ಮೇಲೇ ಇತ್ತು. ಅದರ ಹಿಂದಿನಿಂದ ಅತ್ತೆ ನನ್ನನ್ನು ಒಮ್ಮೆ ನೋಡಿದರು. "ನಿನಗೆ ಕಾಣ್ತಾ?"

"ಬಿಸಿಲು ಕಣ್ಣಿಗೆ ಹೊಡೀತಿತ್ತು ಅತ್ತೆ."

ಮಾಲೀಕ ಕುದುರೆಯನ್ನು ನೋಡಿದ, ಅತ್ತೆಯ ಕನ್ನಡಕವನ್ನು ನೋಡಿದ. "ನಾನು ಗಾಡಿ ನಿಲ್ಲಿಸ್ತಾ ಇದ್ದೆ ಅಮ್ಮಾ, ನೋಡ್ಲಿಲ್ಲ" ಎಂದು ಬುಲೆಟ್ ತಿರುಗಿಸಿಕೊಂಡು ಹೊರಟುಹೋದ.

ಮಾವ ನಿಂತಲ್ಲೇ ಅತ್ತುಬಿಟ್ಟರು. ಸದ್ದಿಲ್ಲದ ಅಳುವಲ್ಲ, ಮೈಯೆಲ್ಲ ಕುಲುಕುವ ಅಳು. ಏನು ಮಾಡಬೇಕೆಂದು ತಿಳಿಯದೆ ನಾನು ನೆಲ ನೋಡಿದೆ. ಅತ್ತೆ ಕುರ್ಚಿಯಿಂದ ಎದ್ದು ಹತ್ತಿರ ಹೋಗಿ, ಮಾವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲಗಾಮನ್ನು ತಮ್ಮ ಕೈಗೆ ತೆಗೆದುಕೊಂಡರು.

"ಅಳೋದಾದ್ರೆ ಇದನ್ನ ನನ್ನ ಕೈಗೆ ಕೊಟ್ಟು ಅಳ್ರಿ," ಎಂದರು. "ಅವಳ ಬಾಯಿ ನೋಯುತ್ತೆ."