ಗೂಟಕ್ಕೆ ಕಟ್ಟಿದ ಫಟಫಟಿ

ಗಂಡಸು ತನ್ನ ಬಾಳಿನ ಅತ್ಯಂತ ಸಂತೋಷದ ದಿನ ಯಾವುದೆಂದು ಹೆಂಡತಿಯ ಎದುರು ಹೇಳುವ ಮೊದಲು ಎರಡು ಸಲ ಯೋಚಿಸಬೇಕು. ನಾನು ಒಂದು ಸಲವೂ ಯೋಚಿಸಲಿಲ್ಲ. ಎಪ್ಪತ್ತರ ದಶಕದ ನಡುವಿನ ಮಾತು. ಹೆಸರು ಬರೆಸಿ, ಕಾದು ಕಾದು, ಕಡೆಗೆ ಆಸೆಯನ್ನೇ ಬಿಟ್ಟಿದ್ದ ಮೋಟರ್‌ಸೈಕಲ್ಲು, ನಮ್ಮ ಕಡೆಯವರ ಬಾಯಲ್ಲಿ ಫಟಫಟಿ, ಒಂದು ಬೆಳಿಗ್ಗೆ ವಿಜಾಪುರದ ನಮ್ಮ ಮನೆಯ ಮುಂದೆ ಬಂದು ನಿಂತಿತು. ಟ್ಯಾಂಕಿಗೆ ದಾಳಿಂಬೆ ಕಾಳಿನ ಬಣ್ಣ. ಅದನ್ನು ನೋಡಿದ್ದೇ ತಡ, "ಶಾಂತಾ, ನನ್ನ ಜನ್ಮ ಇವತ್ತಿಗೆ ಸಾರ್ಥಕ ಆತು ನೋಡು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿಬಿಟ್ಟೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. "ಹಂಗಾರ ಎಂಟು ವರ್ಷದ ಹಿಂದ ನನ್ನ ಜೋಡಿ ಅಕ್ಕಿಕಾಳು ಹಾಕಿಸ್ಕೊಂಡಿದ್ದು ಯಾತಕ್ಕರಿ?" ಎಂಬ ಪ್ರಶ್ನೆ ಬಂತು. ನಾನು ಕೇಳಿಸದವನಂತೆ ಟ್ಯಾಂಕು ಒರೆಸತೊಡಗಿದೆ.

ನನ್ನ ಉಮೇದಿಗೆ ಕಾರಣವಿತ್ತು. ಆ ಕಾರಣ ತಿಕೋಟಾದಲ್ಲಿ ತಲೆಗೆ ರುಮಾಲು ಸುತ್ತಿಕೊಂಡು ಎತ್ತಿನ ಬೆನ್ನು ಸವರುತ್ತ ಕೂತಿತ್ತು. ಅವರು ನನ್ನ ಮಾವ. ಸ್ಟೇಷನ್ ರಸ್ತೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಮಗಳನ್ನು ಕೊಡುವಾಗಲೇ, "ಹುಡುಗ ಶಾಣ್ಯಾ ಅದಾನ, ಖರೆ. ಆದ್ರ ಮನಿ ಮುಂದ ಒಂದು ದನದ ಕಾಲಿಲ್ಲಲ್ಲೋ ಯಪ್ಪಾ!" ಎಂದು ನಿಟ್ಟುಸಿರು ಬಿಟ್ಟವರು. ಅವರ ಹಿರಿಯ ಅಳಿಯ, ಅಂದರೆ ನನ್ನ ಷಡ್ಡಕ ಬಸಪ್ಪ, ಬಬಲೇಶ್ವರದ ಒಕ್ಕಲುತನದವನು. ಪ್ರತಿವರ್ಷ ಕಾರಹುಣ್ಣಿಮೆಯ ದಿನ ತನ್ನ ಬಿಳಿ ಎತ್ತುಗಳ ಜೋಡಿಯ ಕೋಡಿಗೆ ಬಣ್ಣ ಬಳಿದು, ಗೆಜ್ಜೆ ಕಟ್ಟಿ ಮಾವನ ಅಂಗಳಕ್ಕೆ ಹೊಡೆದುಕೊಂಡು ಬರುತ್ತಿದ್ದ. ಮಾವನ ಎತ್ತು, ಅವನ ಎತ್ತು ಸಾಲಾಗಿ ನಿಲ್ಲುತ್ತಿದ್ದವು. ಎತ್ತಿಗೆ ಆರತಿ, ಹಗ್ಗ ಹಿಡಿದವನಿಗೂ ಆರತಿ, ಹೆಗಲಿಗೊಂದು ಹೊಸ ಟವೆಲ್ಲು. ನಾನು ಮಾತ್ರ ಕಟ್ಟೆಯ ಮೇಲೆ ಬೀಗರ ಚಪ್ಪಲಿಗಳ ಪಕ್ಕದಲ್ಲಿ ಕೂತು, ಯಾರಾದರೂ ನನ್ನ ಕಡೆ ನೋಡಿದರೆ ನಗುತ್ತಿದ್ದೆ. ಎಂಟು ವರ್ಷ ನಕ್ಕಿದ್ದೇನೆ! ಫಟಫಟಿ ಬಂದ ಸುದ್ದಿ ತಿಕೋಟಾಕ್ಕೆ ಮುಟ್ಟಿದ್ದೇ ಮಾವ ಹೇಳಿ ಕಳಿಸಿದರು: "ಈ ಸಲ ಕಾರಹುಣ್ಣಿವಿಗೆ ನಿಮ್ಮದನ್ನೂ ಸಾಲಿನಾಗ ನಿಲ್ಲಸೂಣು. ಆದ್ರ ಮೈಮ್ಯಾಲ ಗಾಯ ಇದ್ದದ್ದು ನಮ್ಮಲ್ಲಿ ಪೂಜಾಕ್ಕ ನಡ್ಯಾಂಗಿಲ್ಲ. ಎತ್ತಿರಲಿ, ಮತ್ತೇನೇ ಇರಲಿ." ಆ ದಿನ ನಾನು ಎರಡು ರೊಟ್ಟಿ ಹೆಚ್ಚು ಉಂಡೆ.

ಕಾರಹುಣ್ಣಿಮೆಗೆ ಇನ್ನೂ ಎರಡು ತಿಂಗಳಿತ್ತು. ಆ ಎರಡು ತಿಂಗಳು ನಮ್ಮೂರಿನಲ್ಲಿ ಗಾಳಿಯದೇ ಕಾರಭಾರ. ನಮ್ಮ ಬಾಡಿಗೆ ಮನೆ ಗೋಳಗುಮ್ಮಟದ ಆಚೆಯ ಬಯಲಿಗೆ ಮುಖ ಮಾಡಿತ್ತು. ಪರವೂರಿನವರು ಗುಮ್ಮಟದೊಳಗೆ ಹೋಗಿ, ಒಂದು ಸಲ ಕೂಗಿ, ಏಳು ಸಲ ಕೇಳಿಸಿಕೊಂಡು ಖುಷಿಪಡುತ್ತಾರೆ. ನಮ್ಮ ಮನೆಯ ಬಾಗಿಲು ಗುಮ್ಮಟಕ್ಕೆ ಹೋಗದೆಯೇ ದಿನಾ ಏಳು ಸಲ ಬಡಿದುಕೊಳ್ಳುತ್ತಿತ್ತು. ಒಮ್ಮೆ ನನ್ನ ಧೋತರ ಹಾರಿಹೋಗಿ ಎರಡು ಓಣಿ ಆಚೆಯ ಬೇವಿನ ಗಿಡದಲ್ಲಿ ಮೂರು ದಿನ ತೂಗಾಡಿತು. ನನ್ನದೆಂದು ಎಲ್ಲರಿಗೂ ಗೊತ್ತಿತ್ತು, ನಾನೊಬ್ಬನೇ ಒಪ್ಪಿಕೊಳ್ಳಲಿಲ್ಲ. ಇಂಥ ಬಯಲಿನಲ್ಲಿ, ಬಿಸಿಲಿಗೆ ಪುಡಿಯಾದ ಎರೆಮಣ್ಣಿನ ಮೇಲೆ, ಫಟಫಟಿಯನ್ನು ಒಂಟಿಕಾಲಿನ ಸ್ಟ್ಯಾಂಡಿಗೆ ಒರಗಿಸಿ ನಾನು ಆ ಭಾನುವಾರ ಸ್ನಾನಕ್ಕೆ ಹೋದೆ. ತಲೆಗೆ ಸಾಬೂನು ಹಚ್ಚಿದ್ದಷ್ಟೇ, ಹೊರಗೆ 'ಧಡಲ್' ಎಂದಿತು. "ಏನೋ ಬಿತ್ರೀ!" ಎಂದಳು ಶಾಂತಾ. ಸೊಂಟಕ್ಕೆ ಟವೆಲ್ಲು ಸುತ್ತಿ, ಕಣ್ಣೊಳಗೆ ಸಾಬೂನಿನ ನೊರೆ ಇಳಿಯುತ್ತಿರುವಾಗಲೇ ಅಂಗಳಕ್ಕೆ ಓಡಿದೆ. ಪುಣ್ಯಕ್ಕೆ ಅದು ಶಾಂತಾ ಬಿಸಿಲಿಗೆ ಹಾಕಿದ್ದ ಕೌದಿಗಳ ಗುಡ್ಡೆಯ ಮೇಲೆ ಮಗ್ಗುಲಾಗಿತ್ತು. ಟ್ಯಾಂಕು ಹಾಗೇ ಇತ್ತು, ಒಡೆದದ್ದು ಕನ್ನಡಿ ಒಂದೇ. ಸೊಲ್ಲಾಪುರದಿಂದ ಬೇರೆ ಕನ್ನಡಿ ತರಿಸಿ ಹಾಕುವವರೆಗೆ ನಾನು ಮನೆಯ ಕನ್ನಡಿಯಲ್ಲೂ ಮುಖ ನೋಡಿಕೊಳ್ಳಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಸಂಶೋಧನೆ. ಮೊದಲು ಸ್ಟ್ಯಾಂಡಿನ ಕೆಳಗೆ ಇಟ್ಟಿಗೆ ಇಟ್ಟೆ. ಇಟ್ಟಿಗೆಯೂ ಮಣ್ಣಿಗಿಳಿಯಿತು. ಆಮೇಲೆ, ಗಾಳಿ ತಾಕಿದರೆ ತಾನೇ ಬೀಳುವುದು ಎಂಬ ಮಹಾ ವಿಚಾರ ಹೊಳೆದು, ದೊಡ್ಡದೊಂದು ತಾಡಪತ್ರಿ ತಂದು ಹೊಚ್ಚಿದೆ. ಹಡಗನ್ನು ನಾನು ಕಣ್ಣಿಂದ ಕಂಡವನಲ್ಲ. ಆದರೆ ಹಾಯಿ ಎಂದರೇನು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅಂದು ಸಂಜೆ ನಮ್ಮ ಅಂಗಳದಲ್ಲಿ ಪೂರ್ತಿ ಕಲಿತೆ. ತಾಡಪತ್ರಿ ಹೊಟ್ಟೆ ಉಬ್ಬಿಸಿಕೊಂಡು ಎದ್ದು ನಿಂತಿತು. ಅದರ ಹಿಂದೆ ಫಟಫಟಿ, ಫಟಫಟಿಯ ಹಿಂದೆ ನಾನು. "ಶಾಂತಾ, ಹಿಡಿ! ಬಿಡಬ್ಯಾಡ!" ಎಂದು ಚೀರಿದೆ. ಅವಳು ಇನ್ನೊಂದು ತುದಿಗೆ ಜೋತುಬಿದ್ದು, "ನಾ ಬಿಡಾಂಗಿಲ್ರಿ, ನಿಮ್ಮ ಸಾರ್ಥಕ ಆದ ಜನ್ಮ ಹಾರಿ ಹೊಂಟೈತಿ, ಹೆಂಗ ಬಿಡ್ಲಿ!" ಎಂದಳು. ಅಷ್ಟು ಗಾಳಿಯಲ್ಲೂ ಅವಳಿಗೆ ಚುಚ್ಚುವುದಕ್ಕೆ ಉಸಿರಿತ್ತು ನೋಡಿ. ಕಡೆಗೆ ತಾಡಪತ್ರಿಯನ್ನು ಗಾಳಿಗೇ ಬಿಟ್ಟುಕೊಟ್ಟು ಗಾಡಿ ಉಳಿಸಿಕೊಂಡೆವು.

ಮರುದಿನ ಅದನ್ನು ಮನೆಯೊಳಗೇ ತರುವುದೆಂದು ತೀರ್ಮಾನಿಸಿದೆ. ನಮ್ಮ ಮನೆಗೆ ಬಾಗಿಲು ಒಂದೇ. ಮುಂದಿನ ಗಾಲಿ ಹೊಸ್ತಿಲು ದಾಟಿತು, ಹ್ಯಾಂಡಲ್ಲು ಚೌಕಟ್ಟಿಗೆ ಸಿಕ್ಕಿಕೊಂಡಿತು. ಒಳಗೂ ಬಾರದು, ಹೊರಗೂ ಹೋಗದು. ಒಳಗೆ ಶಾಂತಾ, ಹೊರಗೆ ನಾನು, ನಡುವೆ ಫಟಫಟಿ. ಸಂಸಾರದಲ್ಲಿ ಅಷ್ಟು ಬೇಗ ಅಷ್ಟು ದೂರವಾದದ್ದು ಅದೇ ಮೊದಲು. ಒಂದು ತಾಸು ಜಗ್ಗಾಡಿದ ಮೇಲೆ ಬಾಗಿಲ ಚೌಕಟ್ಟು ಒಂದು ಚಕ್ಕೆ ಬಿಟ್ಟುಕೊಟ್ಟು, ಗಾಡಿಯನ್ನು ಅಂಗಳಕ್ಕೇ ಮರಳಿಸಿ ನಮ್ಮನ್ನು ಒಂದುಗೂಡಿಸಿತು. ಮನೆಯ ಮಾಲೀಕರು ಬಂದು ಚಕ್ಕೆ ನೋಡಿ, ನನ್ನನ್ನು ನೋಡಿ, ಚೌಕಟ್ಟಿನ ಖರ್ಚನ್ನು ಮುಂದಿನ ತಿಂಗಳ ಬಾಡಿಗೆಗೆ ಸೇರಿಸಿ ಹೋದರು.

ಕಾರಹುಣ್ಣಿಮೆ ಇನ್ನು ಎಂಟು ದಿನ ಎನ್ನುವಾಗ ಮಾವ ಎತ್ತಿಗೆ ಹಗ್ಗ, ಬಣ್ಣ, ಗೊಂಡೆ ಕೊಳ್ಳಲು ವಿಜಾಪುರಕ್ಕೆ ಬಂದರು. ನೆಟ್ಟಗೆ ನಮ್ಮ ಅಂಗಳಕ್ಕೆ ಬಂದು ಫಟಫಟಿಯ ಸುತ್ತ ಒಂದು ಸುತ್ತು ಹಾಕಿದರು, ಸೀಟಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದರು. ಅವರು ಬಗ್ಗಿ ದೀಪದ ಕೆಳಗೆ ನೋಡಿದಾಗ ಎತ್ತಿನ ವಯಸ್ಸು ಎಣಿಸುವಂತೆ ಹಲ್ಲು ಹುಡುಕುತ್ತಿದ್ದಾರೆಂದೇ ನನಗನ್ನಿಸಿತು.

"ಜಾತಿ ಛಲೋ ಐತಿ," ಎಂದರು. "ಅಲ್ರಿ ಅಳಿಯಂದ್ರ, ಕಟ್ಟಿಲ್ಲೇನು ಇದನ್ನ?"

"ಗಾಡಿ ಯಾರರೆ ಕಟ್ತಾರೇನ್ರಿ ಮಾಮಾ?"

"ಬಯಲಾಗ ನಿಂತದ್ದು ಏನೇ ಇರ್ಲಿ, ಕಟ್ಟಬೇಕು. ಮತ್ತ ಗಾಳಿಗೆ ಮಗ್ಗಲ ಕೊಟ್ಟು ನಿಲ್ಲಿಸೀರಲ್ಲ! ಯಾವ ಎತ್ತರೆ ಗಾಳಿಗೆ ಮಗ್ಗಲ ಕೊಡ್ತೈತೇನು? ಬೆನ್ನ ಕೊಡ್ತೈತಿ. ಅದಕ್ಕ ತಿಳೀದಿದ್ರ ಏನಾತು, ಮ್ಯಾಲ ಕುಂಡ್ರಾಂವಗರೆ ತಿಳೀಬೇಕಲ್ಲ?"

ನಾನು ಬಿ.ಎ. ಪಾಸಾದವನು. ಎರಡು ತಿಂಗಳು ಗಾಳಿಯೊಡನೆ ಗುದ್ದಾಡಿದ ನನಗೆ, ಗಾಡಿಯನ್ನು ತಿರುಗಿಸಿ ನಿಲ್ಲಿಸಬೇಕೆಂಬುದು ಹೊಳೆದಿರಲಿಲ್ಲ. ಮಾವ ಅದರ ಬೆನ್ನನ್ನು ಗಾಳಿಗೆ ತಿರುಗಿಸಿದರು, ಅಂಗಳದ ಕಲ್ಲುಚಪ್ಪಡಿಯ ಮೇಲೆ ಎರಡು ಕಾಲಿನ ಸ್ಟ್ಯಾಂಡಿಗೆ ಏರಿಸಿದರು. ಮುಂದೊಂದು, ಹಿಂದೊಂದು ಜಾಲಿಗೂಟ ಬಡಿದು, ಎತ್ತಿಗೆಂದು ಕೊಂಡ ಹೊಸ ಹಗ್ಗದಿಂದ ಬಿಗಿದರು. ಹೋಗುವಾಗ, "ಮೈ ಹುಷಾರ್ ರೀ. ಸಾಲಿನಾಗ ನಿಲ್ಲೂದು ಐತಿ," ಎಂದರು. ಗಾಡಿಗೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ.

ಹಗ್ಗ ಕಟ್ಟಿದ ಮೇಲೆ ಫಟಫಟಿ ಅಲುಗಲಿಲ್ಲ! ಗಾಳಿ ಬಂದಾಗ ಮೈ ಸ್ವಲ್ಪ ಜಗ್ಗುತ್ತಿತ್ತು, ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು. ನಾನು ಕಿಟಕಿಯಲ್ಲಿ ನಿಂತು ಗಾಳಿಗೆ, "ಬಾ, ಬಾ ಮಗನ!" ಎನ್ನುತ್ತಿದ್ದೆ. ಆದರೂ ಜೀವ ತಡೆಯದು. ಕಚೇರಿಯಲ್ಲಿ ಒಂದು ಕಾಗದ ಮೇಜಿನಿಂದ ಹಾರಿದರೆ ಸಾಕು, ನಾನೂ ಹಾರುತ್ತಿದ್ದೆ. ಸ್ಟೇಷನ್ ರಸ್ತೆಯಿಂದ ಮನೆಯವರೆಗೆ ಓಡಿ, ಗೂಟ ಮುಟ್ಟಿ, ಹಗ್ಗ ಜಗ್ಗಿ ನೋಡಿ, ಏದುಸಿರು ಬಿಡುತ್ತ ಮರಳಿ ಕುರ್ಚಿಗೆ ಬರುತ್ತಿದ್ದೆ. ಹಗ್ಗಕ್ಕೆ ಕಟ್ಟಿದ ಗಾಡಿಯನ್ನು ಬಿಟ್ಟು ನಡೆದೇ ಕಚೇರಿಗೆ ಹೋಗುತ್ತಿದ್ದೆನೆಂಬುದು ನಿಮ್ಮ ಗಮನಕ್ಕೆ ಬಂದಿರಬಹುದು. ಹುಣ್ಣಿಮೆಯವರೆಗೆ ಅದರ ಮೈಗೆ ಏನೂ ಆಗಬಾರದಲ್ಲ!

ಹುಣ್ಣಿಮೆ ಬಂದೇ ಬಂತು. ಹಿಂದಿನ ದಿನ ನಾಲ್ಕು ಹನಿ ಮಳೆಯಾಗಿ ಅಂಗಳ ಮೆತ್ತಗಾಗಿತ್ತು. ನಾನು ಇಸ್ತ್ರಿ ಅಂಗಿ ತೊಟ್ಟು, ಶಾಂತಾ ಇಳಕಲ್ ಸೀರೆ ಉಟ್ಟು, ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿರುವಾಗ, ಮುಂದಿನ ಗೂಟದ ಹಗ್ಗ ಬಿಚ್ಚಿ, ಒದ್ದು ಶುರು ಮಾಡಿದೆ. ಎಂಥ ಸದ್ದು ಅದು! ಅವಳು ಹಿಂದೆ ಹತ್ತಿ ಕೂತಳು. ಗಾಡಿ ಮುಂದೆ ಹಾರುತ್ತಲೇ ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತಾಯಿತು, ಮರುಕ್ಷಣ ಬಿಟ್ಟಂತಾಯಿತು. "ನೀ ಕುಂತ ಕೂಡ್ಲೆ ಎಷ್ಟ ಜಗ್ತು ನೋಡು, ಈಚಿಗಿ ಭಾಳ ಭಾರ ಆಗೀದಿ," ಎಂದೆ. ಅವಳು ತಿಕೋಟಾ ಮುಟ್ಟುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ದಾರಿಯುದ್ದಕ್ಕೂ ಹಿಂದೆ ಟಕಟಕ ಎಂದು ಏನೋ ಬಡಿಯುತ್ತಿತ್ತು. ಹೊಸ ಎಂಜಿನ್ನು, ಹೀಗೇ ಇರಬೇಕು ಎಂದುಕೊಂಡೆ. ಹೊಲದಲ್ಲಿದ್ದವರು ಕೈ ಎತ್ತಿ ಕೂಗಿದರು. ನಾನೂ ಕೈ ಎತ್ತಿದೆ. ಎದುರು ಬಂದ ಚಕ್ಕಡಿಯವನು, "ಹಿಂದ ನೋಡ್ರೀ ಸಾಹೇಬ್ರ!" ಎಂದ. ಹಿಂದೆ ಇದ್ದದ್ದು ಸಿಟ್ಟಾದ ಹೆಂಡತಿ. ನಾನು ನೋಡಲಿಲ್ಲ.

ಮಾವನ ಅಂಗಳದಲ್ಲಿ ಗಾಡಿ ನಿಲ್ಲಿಸಿದಾಗ ಕೂಡಿದ್ದ ಮಂದಿ ನನ್ನನ್ನಾಗಲಿ ಗಾಡಿಯನ್ನಾಗಲಿ ನೋಡಲಿಲ್ಲ. ಗಾಡಿಯ ಹಿಂದೆ, ಒಂದು ಮಾರು ಹಗ್ಗದ ತುದಿಯಲ್ಲಿ, ಮಣ್ಣು ಮೆತ್ತಿದ ಜಾಲಿಗೂಟ ಬಿದ್ದಿತ್ತು. ಹಿಂದಿನ ಹಗ್ಗ ಬಿಚ್ಚುವುದನ್ನೇ ಮರೆತಿದ್ದೆ! ನಾನು ಭೂಮಿ ಬಾಯಿ ಬಿಟ್ಟರೆ ಸಾಕೆಂದು ನಿಂತಿರುವಾಗ ಮಾವ ಗೂಟ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. "ಲೇ ಬಸಪ್ಪಾ, ಗೂಟಾ ಕಿತ್ಗೊಂಡ ಬಂದೈತಿ ಲೇ ಇದು! ಕಸುವು ನೋಡು!" ಗೂಟ ಕಿತ್ತು ಓಡುವ ಎತ್ತಿಗೆ ಆ ಸೀಮೆಯಲ್ಲಿ ಎಂಥ ಬೆಲೆಯೆಂದು ನನಗೆ ಅಂದು ತಿಳಿಯಿತು. ಬಸಪ್ಪನ ಮುಖ ಸಣ್ಣದಾಯಿತು. ಮಾವ ಟ್ಯಾಂಕಿನ ಮೇಲೆ ಕೈಯಾಡಿಸಿ, ಒಂದು ಗೀರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಫಟಫಟಿಯನ್ನು ಸಾಲಿನ ನಡುವೆ ನಿಲ್ಲಿಸಿದರು. ದೀಪಕ್ಕೆ ಅರಿಸಿನ, ಕುಂಕುಮ. ಎತ್ತಿನ ಕೋಡಿಗೆ ಹಾಕುವಂತೆ ಹ್ಯಾಂಡಲ್ಲಿಗೂ ಕೋಡಬಳೆಯ ಸರ ಹಾಕಿದರು ಅತ್ತೆ. ಆರತಿ ನನ್ನ ಮುಖಕ್ಕೂ ಬಂತು. ಹೊಸ ಟವೆಲ್ಲು ಹೆಗಲಿಗೆ ಬಿದ್ದಾಗ ಬಾಯಿ ಮುಚ್ಚಲು ಆಗಲಿಲ್ಲ, ಅಷ್ಟು ನಗು. ಶಾಂತಾ ಕೂಡ ತೂಕದ ಮಾತು ಮರೆತು ನಕ್ಕಳು.

ಹೋಳಿಗೆ ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವಾಗ ಗಾಳಿ ಎದ್ದಿತು. ಅಂಗಳದ ಧೂಳು ಗಿರ್ರನೆ ತಿರುಗಿತು. ನಾನು ಎಲೆ ಬಿಸಾಕಿ, "ಗೂಟಾ! ಗೂಟಾ ಎಲ್ಲೈತಿ?" ಎಂದು ಓಡಿದೆ. "ಗೂಟಾ ಯಾತಕ್ಕರಿ? ಕೊಟ್ಟಿಗ್ಯಾಗ ಬಸಪ್ಪನ ಎತ್ತಿನ ನಡುವ ತಂದು ನಿಲ್ಲಸ್ರಿ. ಆ ಕಡಿಗೊಂದು ಗ್ವಾಡಿ, ಈ ಕಡಿಗೊಂದು ಗ್ವಾಡಿ ಇದ್ದಂಗ!" ಎಂದರು ಮಾವ. ನಿಲ್ಲಿಸಿದೆವು. ಕೊಟ್ಟಿಗೆಯ ತಗಡು ಬಡಿದುಕೊಂಡಿತು, ಹೊಟ್ಟು ಹಾರಿತು, ಹೊರಗೆ ಯಾರದೋ ರುಮಾಲು ಓಡಿತು. ಎರಡು ಬಿಳಿ ಗೋಡೆಗಳ ನಡುವೆ ನನ್ನ ಫಟಫಟಿ ಮಿಸುಕಲಿಲ್ಲ. ಎರಡು ತಿಂಗಳು ನಾನು ಹುಡುಕಿದ್ದು ಇದನ್ನೇ! ಖುಷಿಗೆ ಬಸಪ್ಪನನ್ನೇ ತಬ್ಬಿಕೊಂಡೆ.

ಅವನನ್ನು ಬಿಡುವಷ್ಟರಲ್ಲಿ ಎಡಗಡೆಯ ಎತ್ತಿನ ಕಣ್ಣಿಗೆ ಹ್ಯಾಂಡಲ್ಲಿನ ಕೋಡಬಳೆ ಬಿತ್ತು. ಅದು ಕುತ್ತಿಗೆ ಚಾಚಿತು, ಸರಕ್ಕೆ ಬಾಯಿ ಹಾಕಿತು, ಬಿಗಿದಿದ್ದ ದಾರ ಹರಿಯಲೆಂದು ತಲೆಯನ್ನು ಒಮ್ಮೆ ಬಲವಾಗಿ ಒದರಿತು. ಕೋಡಿನ ತುದಿಗೆ ಟೊಪ್ಪಿಗೆಯಂತೆ ತೊಡಿಸಿದ್ದ ಹಿತ್ತಾಳೆ ಅಣಸು ಟ್ಯಾಂಕಿನ ಆ ತುದಿಯಿಂದ ಈ ತುದಿಯವರೆಗೆ 'ಕರ್ರ್' ಎಂದು ಎಳೆದುಕೊಂಡು ಹೋಗಿ, ಕಳಚಿ ಕೆಳಗೆ ಬಿತ್ತು. ದಾಳಿಂಬೆ ಕಾಳಿನ ಬಣ್ಣದ ಕೆಳಗಿನ ಬಿಳಿ ತಗಡು ಮೊಳದುದ್ದ ಕಾಣಿಸಿತು. ಬಸಪ್ಪ ನನ್ನನ್ನೇ ನೋಡುತ್ತಿದ್ದ. ಮಾವನೂ ನನ್ನನ್ನೇ ನೋಡುತ್ತಿದ್ದರು, ಎಂಟು ವರ್ಷದ ಹಿಂದೆ ನನ್ನನ್ನು ನೋಡಲು ಬಂದಾಗ ನೋಡಿದ್ದರಲ್ಲ, ಹಾಗೆ. ಅಯ್ಯೋ ನನ್ನ ಗಾಡಿ ಎಂದು ಬೊಬ್ಬೆ ಹಾಕಲು ಬಾಯಿ ತೆರೆದೆ. ಆ ಕಣ್ಣು ನೋಡಿ ನಾಲಿಗೆ ತಾನಾಗಿ ಬೇರೆ ದಾರಿ ಹಿಡಿಯಿತು.

"ಎತ್ತಿಗೇನೂ ಆಗಿಲ್ಲಲ್ರಿ ಮಾಮಾ?" ಎಂದೆ.

ಮಾವ ಎರಡು ಹೆಜ್ಜೆ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. "ಇವತ್ತ ನೋಡ್ರಿ ನೀವು ಖರೇ ಈ ಮನಿ ಅಳಿಯ ಆದ್ರಿ," ಎಂದರು. ನನ್ನ ಕಣ್ಣಿನಿಂದ ಬಳಬಳ ನೀರು ಇಳಿಯಿತು. ಮೂಕಪ್ರಾಣಿಯ ಮೇಲೆ ಗುಮಾಸ್ತನಿಗೆ ಎಂಥ ಮಮತೆ ಎಂದು ಅವರು ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದರು. ನಾನು ತಿದ್ದಲು ಹೋಗಲಿಲ್ಲ.